ಕೊಲೆಗಾರನನ್ನೇ ಬದಲಿಸಿದ ಪ್ರೇಕ್ಷಕರು

(ಸಿನಿಮಾಸಕ್ತರ ಸಣ್ಣ ಕೂಟವೊಂದರಲ್ಲಿ ‘ಸ್ಲಿವರ್’ ಚಿತ್ರ ತೋರಿಸಿದ ಮುಂದಿನ ವಾರ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ, ಉಳಿದದ್ದು ಹೆಚ್ಚುಕಮ್ಮಿ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಹೋದ ಭಾನುವಾರ ಸಿನಿಮಾ ಮುಗಿದು ಹೊರಗೆ ಟೀ ಕುಡಿಯುತ್ತಿದ್ದಾಗ ನಿಮ್ಮಲ್ಲೊಬ್ಬರು ಪಕ್ಕಕ್ಕೆ ಬಂದು, “ಸರ್, ತಪ್ಪು ತಿಳ್ಕೋಬೇಡಿ, ಇಷ್ಟೊಂದು ಒಳ್ಳೊಳ್ಳೆ ಪಿಕ್ಚರ್ ಇರೋವಾಗ ಇದನ್ನ ಯಾಕೆ ಹಾಕಿದ್ರಿ?” ಅಂತ ಕೇಳಿದರು. ಅವರು ಇವತ್ತೂ ಬಂದಿದ್ದಾರೆ, ಮೂರನೇ ಸಾಲಿನಲ್ಲಿ ಕೂತು ನಗುತ್ತಿದ್ದಾರೆ. ಮುಂದಿನ ವಾರ ಹೇಳ್ತೀನಿ ಅಂತ ಅವತ್ತು ಜಾರಿಕೊಂಡೆ. ಇವತ್ತು ತಪ್ಪಿಸಿಕೊಳ್ಳುವ ಹಾಗಿಲ್ಲ.

ಚಿತ್ರ ಚೆನ್ನಾಗಿದೆ ಅಂತ ವಾದ ಮಾಡಲು ನಾನು ನಿಂತಿಲ್ಲ. ಚೆನ್ನಾಗಿಲ್ಲ. ಅದು ಹೇಗೆ ಕೆಟ್ಟಿತು, ಯಾರು ಕೆಡಿಸಿದರು ಅನ್ನುವುದು ಮಾತ್ರ ಚಿತ್ರದ ಕತೆಗಿಂತ ಎಷ್ಟೋ ಪಾಲು ಚೆನ್ನಾಗಿದೆ. ಕೆಡಿಸಿದವರ ಪಟ್ಟಿಯಲ್ಲಿ ನಮ್ಮಂಥವರೂ ಇದ್ದಾರೆ. ಅದಕ್ಕೇ ಹಾಕಿದ್ದು.

ಹೋದ ವಾರ ಬಾರದವರಿಗೆ ಕತೆ ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಒಂದು ಕಿರಿದಾದ, ಎತ್ತರದ ಅಪಾರ್ಟ್‌ಮೆಂಟ್ ಕಟ್ಟಡ. ಸ್ಲಿವರ್ ಅಂದರೆ ನಮ್ಮ ಸಿಬಿರು, ಮರದ ಹಲಗೆ ಸವರಿದಾಗ ಕೈಗೆ ಚುಚ್ಚುತ್ತದಲ್ಲ, ಅದು. ಕಟ್ಟಡದ ಆಕಾರಕ್ಕೆ ಆ ಹೆಸರು. ಅಲ್ಲಿಗೆ ಕಾರ್ಲಿ ಅನ್ನುವ ಹೆಂಗಸು ಬಾಡಿಗೆಗೆ ಬರುತ್ತಾಳೆ. ಪುಸ್ತಕ ಪ್ರಕಾಶನದಲ್ಲಿ ಸಂಪಾದಕಿ, ಗಂಡನಿಂದ ಬೇರೆಯಾದವಳು. ಅವಳಿಗಿಂತ ಮುಂಚೆ ಆ ಮನೆಯಲ್ಲಿದ್ದವಳು ಬಾಲ್ಕನಿಯಿಂದ ಬಿದ್ದು ಸತ್ತಿದ್ದಾಳೆ, ನೋಡಲು ಇವಳ ಹಾಗೇ ಇದ್ದಳು. ಕಟ್ಟಡದಲ್ಲಿ ಇಬ್ಬರು ಗಂಡಸರು ಇವಳ ಹಿಂದೆ ಬೀಳುತ್ತಾರೆ. ಜ್ಯಾಕ್ ಅಪರಾಧ ಕಾದಂಬರಿ ಬರೆಯುವವನು, ಸಿಡುಕ. ಜೀಕ್ ವಿಡಿಯೊ ಗೇಮ್ ಮಾಡುವ ಹುಡುಗ, ಚಂದದವನು. ಕಟ್ಟಡದ ಮಾಲೀಕ ಜೀಕನೇ, ಅವನು ಒಂದೊಂದು ಮನೆಯ ಒಳಗೂ, ಬಚ್ಚಲು ಸಮೇತ, ಗುಟ್ಟಾಗಿ ಕ್ಯಾಮೆರಾ ಹುದುಗಿಸಿ ತನ್ನ ಕೋಣೆಯ ಗೋಡೆ ತುಂಬ ಟಿವಿ ಇಟ್ಟುಕೊಂಡು ನೋಡುತ್ತ ಕೂತಿರುತ್ತಾನೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ. ನಡುವೆ ಹೆಣಗಳು ಬೀಳುತ್ತವೆ. ಕೊಂದವನು ಯಾರು, ಜ್ಯಾಕೋ ಜೀಕೋ?

ಹೆಸರುಗಳನ್ನು ನೋಡಿದರೆ ಇದು ಸೋಲಬೇಕಾದ ಚಿತ್ರವಲ್ಲ. ಮೂಲ ಕಾದಂಬರಿ ಐರಾ ಲೆವಿನ್ 1991ರಲ್ಲಿ ಬರೆದದ್ದು. ಕ್ಯಾಮೆರಾ ವಿಲ್ಮೋಸ್ ಝಿಗ್ಮಂಡ್, ಆಸ್ಕರ್ ಪಡೆದವರು. ನಿರ್ದೇಶಕ ಆಸ್ಟ್ರೇಲಿಯಾದ ಫಿಲಿಪ್ ನಾಯ್ಸ್. ಕಾರ್ಲಿಯಾಗಿ ನಟಿಸಿದ ಶರೋನ್ ಸ್ಟೋನ್ 1992ರ ‘ಬೇಸಿಕ್ ಇನ್‌ಸ್ಟಿಂಕ್ಟ್’ನಿಂದ ಜಗತ್ತಿಗೇ ಗೊತ್ತಾಗಿದ್ದರು, ಅದನ್ನು ಬರೆದ ಜೋ ಎಸ್ಟರ್‌ಹಾಸರೇ ಇದಕ್ಕೂ ಚಿತ್ರಕತೆ ಬರೆದರು. 1993ರ ಮೇ ತಿಂಗಳಲ್ಲಿ ಬಿಡುಗಡೆಯಾದಾಗ ಅಮೆರಿಕದಲ್ಲಿ ಮೊದಲ ವಾರಾಂತ್ಯಕ್ಕೆ ಒಂದನೇ ಸ್ಥಾನ, ಸುಮಾರು 1.2 ಕೋಟಿ ಡಾಲರ್. ಆಮೇಲೆ ಇಳಿದುಹೋಯಿತು. ಅಲ್ಲಿ ಒಟ್ಟು ಗಳಿಕೆ ಸುಮಾರು 3.6 ಕೋಟಿ, ಉಳಿದ ದೇಶಗಳಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ವಿಮರ್ಶಕರು ಹರಿದು ಹಾಕಿದರು. ವರ್ಷದ ಅತಿ ಕೆಟ್ಟ ಚಿತ್ರಗಳಿಗೆ ಕೊಡುವ ರಾಜಿ ಪ್ರಶಸ್ತಿಗೆ ಏಳು ನಾಮನಿರ್ದೇಶನ ಬಂತು, ಒಂದನ್ನೂ ಗೆಲ್ಲಲಿಲ್ಲ. ಕೆಟ್ಟದ್ದರಲ್ಲೂ ಮೊದಲ ಸ್ಥಾನ ಸಿಗಲಿಲ್ಲ ಪಾಪ. ಚಿತ್ರದಲ್ಲಿ ಬಳಸಿದ ಯುಬಿ40 ತಂಡದ ಹಾಡು ಮಾತ್ರ ಅಮೆರಿಕದಲ್ಲಿ ಏಳು ವಾರ ಒಂದನೇ ಸ್ಥಾನದಲ್ಲಿತ್ತು. ಸಿನಿಮಾ ಮರೆತವರಿಗೂ ಹಾಡು ನೆನಪಿದೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಹೋದ ವಾರ ನಾನು ಸಿನಿಮಾ ನೋಡಲಿಲ್ಲ, ನಿಮ್ಮನ್ನು ನೋಡಿದೆ. ಪಕ್ಕದ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದು ಅದಕ್ಕೇ. ಈ ಚಿತ್ರದ ಬಗ್ಗೆ ಮಾತಾಡುವವನು ಕದ್ದು ನೋಡಿದರೆ ನೀವು ಕ್ಷಮಿಸಬೇಕು.

ಜ್ಯಾಕ್ ಮತ್ತು ಕಾರ್ಲಿ ಮಾತಾಡುವ ಕಡೆಯೆಲ್ಲ ನೀವು ನಕ್ಕಿರಿ, ನಗಿಸಲು ಬರೆದ ಮಾತಲ್ಲ ಅವು. ಪ್ರಣಯದ ದೃಶ್ಯಗಳಲ್ಲಿ ಅರ್ಧ ಜನ ಮೊಬೈಲ್ ತೆಗೆದಿರಿ, ಮುಜುಗರಕ್ಕೋ ಬೇಸರಕ್ಕೋ. ಆದರೆ ಎರಡು ಕಡೆ ಹಾಲ್ ಗಪ್‌ಚಿಪ್ ಆಯಿತು. ಮೊದಲನೆಯದು ಪಾರ್ಟಿಯ ದೃಶ್ಯ. ಕಾರ್ಲಿಗೆ ಯಾರೋ ಹೆಸರು ಹೇಳದೆ ಒಂದು ಟೆಲಿಸ್ಕೋಪ್ ಕಳಿಸಿರುತ್ತಾರೆ. ಮನೆಗೆ ಬಂದ ಅತಿಥಿಗಳು ಅದನ್ನು ಕಿಟಕಿಗೆ ತಿರುಗಿಸಿ ನೋಡಿದರೆ ಎದುರು ಕಟ್ಟಡದಲ್ಲಿ ಒಂದು ಜೋಡಿ. ಒಬ್ಬರಾದ ಮೇಲೆ ಒಬ್ಬರು ಕಣ್ಣಿಡುತ್ತಾರೆ, “ನಂಗೆ ಕೊಡಿ, ನಂಗೆ ಕೊಡಿ” ಅನ್ನುವ ಹಾಗೆ. ಓದಿದವರು, ಒಳ್ಳೆ ಬಟ್ಟೆ ಹಾಕಿದವರು, ಕೈಯಲ್ಲಿ ಗ್ಲಾಸು. ಜಾತ್ರೆಯಲ್ಲಿ ಬಯಾಸ್ಕೋಪಿನ ಡಬ್ಬಿಗೆ ಮುಗಿಬಿದ್ದ ಮಕ್ಕಳಂತೆ ಕಾಣುತ್ತಾರೆ. ಎರಡನೆಯದು ಜೀಕ್ ತನ್ನ ಟಿವಿ ಗೋಡೆಯನ್ನು ಕಾರ್ಲಿಗೆ ತೋರಿಸುವ ದೃಶ್ಯ. ಯಾರೋ ಅಡುಗೆ ಮಾಡುತ್ತಿದ್ದಾರೆ, ಯಾರೋ ಜಗಳವಾಡುತ್ತಿದ್ದಾರೆ, ಒಬ್ಬಳು ಸುಮ್ಮನೆ ಕೂತಿದ್ದಾಳೆ. ಅವಳು ಮೊದಲು ಹೇಸುತ್ತಾಳೆ. ಆಮೇಲೆ ಕೂರುತ್ತಾಳೆ. ಆಮೇಲೆ ರಿಮೋಟ್ ಅವಳ ಕೈಗೆ ಬರುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಒಂದು ಮೊಬೈಲೂ ಬೆಳಗಲಿಲ್ಲ. ಕುರ್ಚಿಗೆ ಒರಗಿ ಕೂತವರು ಮುಂದಕ್ಕೆ ಬಗ್ಗಿದ್ದಿರಿ.

ಹಾಗಾದರೆ ಈ ಚಿತ್ರಕ್ಕೆ ನಮ್ಮನ್ನು ಹಿಡಿಯುವ ಶಕ್ತಿ ಇರಲಿಲ್ಲ ಅನ್ನುವ ಹಾಗಿಲ್ಲ. ಹಿಡಿದದ್ದನ್ನು ಕೊನೆಯಲ್ಲಿ ಬಿಟ್ಟುಬಿಟ್ಟಿತು.

ಕೊನೆಯಲ್ಲಿ ಏನಾಯಿತು ಅಂತ ಒಮ್ಮೆ ನೆನಪಿಸಿಕೊಳ್ಳಿ. ಕಾರ್ಲಿ ಒಂದು ಟೇಪು ಹುಡುಕಿ ನೋಡುತ್ತಾಳೆ. ಬಾಲ್ಕನಿಯಿಂದ ಹೆಂಗಸನ್ನು ತಳ್ಳಿದವನು ಜ್ಯಾಕ್. ಜೀಕ್ ಕೊಲೆಗಾರನಲ್ಲ, ಬರೀ ನೋಡುವವನು. ಅವಳು ಪಿಸ್ತೂಲಿನಿಂದ ಟಿವಿಗಳಿಗೆ ಗುಂಡು ಹೊಡೆದು, ಬದುಕೋದು ಕಲಿ ಅನ್ನುವ ಅರ್ಥದ ಒಂದು ಮಾತು ಒಗೆದು ಹೊರಟುಹೋಗುತ್ತಾಳೆ. ಮುಗಿಯಿತು. “ಇದೇನು, ಕರೆಂಟ್ ಹೋಯ್ತಾ?” ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ನನಗೆ ಕೇಳಿಸಿತು.

ಮೊದಲು ತೆಗೆದದ್ದು ಈ ಅಂತ್ಯ ಅಲ್ಲ. ಮೊದಲ ಅಂತ್ಯದಲ್ಲಿ ಕೊಲೆಗಾರ ಜೀಕ್. ಕಾದಂಬರಿಯಲ್ಲೂ ಕಟ್ಟಡದ ಮಾಲೀಕನೇ ಕೊಲೆಗಾರ. ಸಿನಿಮಾದಲ್ಲಿ ಅವನೂ ಕಾರ್ಲಿಯೂ ಹವಾಯಿಯ ಜ್ವಾಲಾಮುಖಿಯ ಮೇಲೆ ಹಾರುತ್ತಿರುವಾಗ ಅವನು ತಪ್ಪೊಪ್ಪಿಕೊಂಡು ಜ್ವಾಲಾಮುಖಿಯ ಕಡೆಗೇ ತಿರುಗಿಸಿಬಿಡುತ್ತಾನೆ. ಇದಕ್ಕಾಗಿ ಚಿತ್ರತಂಡ 1992ರ ನವೆಂಬರಿನಲ್ಲಿ ಅಲ್ಲಿನ ಕಿಲಾವೇ ಜ್ವಾಲಾಮುಖಿಯ ಮೇಲೆ ಹೆಲಿಕಾಪ್ಟರ್ ಹಾರಿಸಿತು. ಹೆಲಿಕಾಪ್ಟರ್ ಕೆಟ್ಟು ಕುಳಿಯೊಳಗೇ ಬಿತ್ತು. ಪೈಲಟ್ ಮತ್ತು ಇಬ್ಬರು ಕ್ಯಾಮೆರಾದವರು, ಮೂವರೂ ಬದುಕಿ ಬಂದದ್ದು ಪವಾಡ. ಕೊನೆಯವರನ್ನು ಮೇಲೆತ್ತಲು ಸುಮಾರು ಎರಡು ದಿನ ಬೇಕಾಯಿತು, ಅಲ್ಲಿಯವರೆಗೆ ಅವರು ಆ ವಿಷದ ಹೊಗೆಯಲ್ಲಿ ಬಂಡೆ ಹಿಡಿದುಕೊಂಡಿದ್ದರು. ಇಷ್ಟಾದ ಮೇಲೆ ಸಿದ್ಧವಾದ ಅಂತ್ಯವನ್ನು ಬಿಡುಗಡೆಗೆ ಮುಂಚೆ ಪ್ರೇಕ್ಷಕರ ಒಂದು ಗುಂಪಿಗೆ ತೋರಿಸಿದರು. ಅವರು ಬೇಡ ಅಂದರು.

ಹಾಲಿವುಡ್ಡಿನಲ್ಲಿ ಇದೊಂದು ಪದ್ಧತಿ. ಮಾಲ್‌ನಲ್ಲೋ ಬೀದಿಯಲ್ಲೋ ಸಿಕ್ಕ ಜನರನ್ನು ಕರೆದು ಬಿಟ್ಟಿ ಸಿನಿಮಾ ತೋರಿಸುವುದು, ಮುಗಿದ ಕೂಡಲೇ ಕೈಗೆ ಒಂದು ಕಾರ್ಡು ಕೊಡುವುದು. ತುಂಬ ಚೆನ್ನಾಗಿದೆಯೋ, ಚೆನ್ನಾಗಿದೆಯೋ, ಸುಮಾರೋ? ನಿಮ್ಮ ಸ್ನೇಹಿತರಿಗೆ ನೋಡಿ ಅಂತ ಹೇಳುತ್ತೀರೋ? ಯಾರು ಇಷ್ಟವಾದರು, ಯಾರು ಆಗಲಿಲ್ಲ? ಎಲ್ಲ ಕೂಡಿಸಿ ಅಂಕ ಹಾಕುತ್ತಾರೆ. ಹೋಟೆಲಿನವನು ಸಾರು ಕುದಿಯುವಾಗ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡುತ್ತಾನಲ್ಲ, ಹಾಗೆ. ಆದರೆ ಸಾರಿಗೆ ಉಪ್ಪು ಕಮ್ಮಿ ಅಂದರೆ ಹಾಕಬಹುದು. ಬೇಳೆಯೇ ಬೇರೆ ಆಗಬೇಕಿತ್ತು ಅಂದರೆ?

ಸ್ಲಿವರ್ ಹೊರತಂದ ಪ್ಯಾರಾಮೌಂಟ್ ಸಂಸ್ಥೆಯೇ 1987ರಲ್ಲಿ ‘ಫೇಟಲ್ ಅಟ್ರಾಕ್ಷನ್’ ಮಾಡಿದಾಗಲೂ ಹೀಗೇ ಆಗಿತ್ತು. ಗೀಳು ಹಿಡಿದ ಹೆಂಗಸು ಕೊನೆಗೆ ತಾನೇ ಪ್ರಾಣ ಕಳೆದುಕೊಂಡು ಆರೋಪ ತಾನು ಬೆನ್ನು ಹತ್ತಿದ ಗಂಡಸಿನ ಮೇಲೆ ಬರುವ ಹಾಗೆ ಮಾಡುವುದು ಮೊದಲ ಅಂತ್ಯ. ಪ್ರೇಕ್ಷಕರು ಒಪ್ಪಲಿಲ್ಲ, ಅವಳಿಗೆ ಶಿಕ್ಷೆಯಾಗಬೇಕು ಅಂದರು. ಬಾತ್‌ಟಬ್ಬಿನ ಹೊಡೆದಾಟ ಹೊಸದಾಗಿ ಚಿತ್ರಿಸಿದರು, ಸಿನಿಮಾ ಜಗತ್ತೆಲ್ಲ ಓಡಿತು, ಆರು ಆಸ್ಕರ್ ನಾಮನಿರ್ದೇಶನ ಬೇರೆ. ಒಂದು ಸಲ ಗೆದ್ದ ಎಲೆಯನ್ನು ಇನ್ನೊಮ್ಮೆ ಹಾಕೋಣ ಅಂದುಕೊಂಡಿರಬೇಕು. ಇದು ನನ್ನ ಊಹೆ.

ಎಲೆ ಗೆಲ್ಲಲಿಲ್ಲ. ಅಲ್ಲಿ ಬದಲಾದದ್ದು ಶಿಕ್ಷೆ, ಇಲ್ಲಿ ಬದಲಾದದ್ದು ಅಪರಾಧಿ. ಅಲ್ಲಿಯವರೆಗಿನ ಪ್ರತಿ ದೃಶ್ಯವೂ ಜೀಕನ ಕಡೆ ಬೆರಳು ತೋರಿಸಲೆಂದೇ ಕಟ್ಟಿದ್ದು. ಅವನ ತಾಯಿ ಟಿವಿ ಧಾರಾವಾಹಿಯ ನಟಿ. ಮಗ ಅಮ್ಮನನ್ನು ನೋಡಿದ್ದೇ ಪರದೆಯ ಮೇಲೆ. ಸತ್ತವಳೂ ಕಾರ್ಲಿಯೂ ಅವಳನ್ನೇ ಹೋಲುತ್ತಾರೆ. ಗೀಳಿನ ಬೇರು ಅಲ್ಲಿದೆ, ಚಿತ್ರ ಅದಕ್ಕೆ ನೀರೆರೆಯುತ್ತಲೇ ಬರುತ್ತದೆ. ಜ್ಯಾಕನಿಗೆ ಅಂಥ ಬೇರೇ ಇಲ್ಲ. ಹೊಟ್ಟೆಕಿಚ್ಚಿನ ಗಂಡಸು, ಅಷ್ಟೇ. ಹೀಗಾಗಿ ಕೊನೆಯ ಹತ್ತು ನಿಮಿಷದಲ್ಲಿ ಚಿತ್ರ ಒಂದು ಗಿಡಕ್ಕೆ ಗೊಬ್ಬರ ಹಾಕಿ ಇನ್ನೊಂದು ಗಿಡದಿಂದ ಹಣ್ಣು ಕೀಳುತ್ತದೆ. ಥಿಯೇಟರಿಗೆ ಬಂದ ಪ್ರೇಕ್ಷಕರು ಅರ್ಥವೇ ಇಲ್ಲದ ಕ್ಲೈಮ್ಯಾಕ್ಸ್ ಅಂತ ಬೈದರು. ಪ್ರೇಕ್ಷಕರು ಕೇಳಿದ್ದನ್ನು ಮಾಡಿ ಪ್ರೇಕ್ಷಕರಿಂದ ಬೈಸಿಕೊಂಡ ಚಿತ್ರ ಇದು. ಮೊದಲ ಅಂತ್ಯ ಉಳಿದಿದ್ದರೆ ಮಹಾಚಿತ್ರ ಆಗುತ್ತಿತ್ತು ಅಂತಲ್ಲ. ಜ್ವಾಲಾಮುಖಿ ಅಂದರೆ ನನಗೂ ಸ್ವಲ್ಪ ನಗು ಬರುತ್ತದೆ. ಆದರೆ ಅದಕ್ಕೊಂದು ಜಾಯಮಾನ ಇತ್ತು.

ಜನ ಯಾಕೆ ಬೇಡ ಅಂದರು? ನನ್ನ ಲೆಕ್ಕ ಹೇಳುತ್ತೇನೆ, ಒಪ್ಪದಿದ್ದರೆ ಆಮೇಲೆ ಜಗಳವಾಡೋಣ. ಒಂದೂವರೆ ಗಂಟೆ ನಾವು ಜೀಕನ ಪಕ್ಕದಲ್ಲೇ ಕೂತು ಅದೇ ಟಿವಿಗಳನ್ನು ನೋಡಿದ್ದೇವೆ. ಅವನು ಕಂಡದ್ದೆಲ್ಲ ನಾವೂ ಕಂಡಿದ್ದೇವೆ. ಅವನು ಕೊಲೆಗಾರ ಅಂದರೆ ನಾವು ಕೊಲೆಗಾರನ ಸೋಫಾದಲ್ಲಿ ಪಾಪ್‌ಕಾರ್ನ್ ತಿಂದವರಾಗುತ್ತೇವೆ. ಅವನು ಬರೀ ನೋಡುವವನಾದರೆ ನಮ್ಮ ತಪ್ಪೂ ಅಷ್ಟಕ್ಕೇ ನಿಲ್ಲುತ್ತದೆ. ಚಿತ್ರ ಅವನಿಗೊಂದು ಒಳ್ಳೆಯ ಕೆಲಸವನ್ನೂ ಕೊಟ್ಟಿದೆ. ಒಂದು ಮನೆಯಲ್ಲಿ ಮಲತಂದೆ ಮಗುವಿಗೆ ಕಾಟ ಕೊಡುವುದನ್ನು ಕ್ಯಾಮೆರಾದಲ್ಲಿ ಕಂಡು ಜೀಕ್ ಅವನಿಗೆ ಫೋನ್ ಮಾಡಿ ಹೆದರಿಸುತ್ತಾನೆ. ನೋಡಿದ್ರಾ, ಇಣುಕಿದರೆ ಉಪಕಾರವೂ ಉಂಟು! ಆ ದೃಶ್ಯದಲ್ಲಿ ನೀವು ತಲೆಯಾಡಿಸಿದ್ದನ್ನು ಕಂಡೆ.

ಹಿಚ್‌ಕಾಕರ 1954ರ ‘ರಿಯರ್ ವಿಂಡೋ’ ಇಲ್ಲಿ ಬಹಳ ಜನ ನೋಡಿದ್ದೀರಿ. ಕಾಲು ಮುರಿದು ಕೂತ ಫೋಟೋಗ್ರಾಫರ್ ಎದುರು ಮನೆಗಳ ಕಿಟಕಿಗೆ ಕಣ್ಣು ಹಾಕುತ್ತಾನೆ. ಅವನನ್ನು ನಾವು ಪ್ರೀತಿಸುವುದು ಯಾಕೆ? ಅವನ ಅನುಮಾನ ನಿಜವಾಗುತ್ತದೆ, ಅಲ್ಲಿ ಕೊಲೆ ಆಗಿರುತ್ತದೆ. ಇಣುಕಿದ್ದಕ್ಕೆ ರಸೀದಿ ಸಿಕ್ಕಿತು. 1960ರಲ್ಲಿ ಮೈಕಲ್ ಪೊವೆಲ್ ಲಂಡನ್ನಿನಲ್ಲಿ ‘ಪೀಪಿಂಗ್ ಟಾಮ್’ ಮಾಡಿದರು. ಕ್ಯಾಮೆರಾ ಹಿಡಿದವನೇ ಕೊಲ್ಲುವವನು, ಕೊಲ್ಲುವಾಗ ಚಿತ್ರೀಕರಿಸುವವನು. ರಸೀದಿ ಇಲ್ಲ. ಬ್ರಿಟಿಷ್ ವಿಮರ್ಶಕರು ಬೆಂಕಿಯಾದರು. ಸಲಿಕೆಯಲ್ಲಿ ಬಾಚಿ ಹತ್ತಿರದ ಚರಂಡಿಗೆ ಸುರಿಯಬೇಕು ಅನ್ನುವ ಅರ್ಥದಲ್ಲಿ ಒಬ್ಬರು ಬರೆದರು. ಅಷ್ಟು ದೊಡ್ಡ ನಿರ್ದೇಶಕರಿಗೆ ಆಮೇಲೆ ತಮ್ಮ ದೇಶದಲ್ಲಿ ಕೆಲಸ ಸಿಗುವುದೇ ಕಷ್ಟವಾಯಿತು. ಇಪ್ಪತ್ತು ವರ್ಷ ಕಳೆದ ಮೇಲೆ ಮಾರ್ಟಿನ್ ಸ್ಕಾರ್ಸೇಸಿಯಂಥವರು ಮುಂದೆ ನಿಂತು ಚಿತ್ರವನ್ನು ಮತ್ತೆ ಜನರ ಮುಂದೆ ತಂದರು. ಸ್ಲಿವರ್ ಈ ಎರಡರ ನಡುವೆ ಸಿಕ್ಕಿ ಒದ್ದಾಡಿತು. ಪೊವೆಲ್ ದಾರಿಯಲ್ಲಿ ಹೊರಟು ಹಿಚ್‌ಕಾಕ್ ಬಸ್ ಸ್ಟಾಪಿನಲ್ಲಿ ಇಳಿಯಿತು.

ಇನ್ನೊಂದು ವಿಷಯ ನನಗೆ ನಿಮ್ಮಿಂದಲೇ ಗೊತ್ತಾದದ್ದು. ಹೋದ ವಾರದ ಚರ್ಚೆಯಲ್ಲಿ ಗಂಡಸರೆಲ್ಲ ಕೊಲೆಗಾರನ ಬಗ್ಗೆ ಮಾತಾಡಿದೆವು. ಸುಳಿವು ಎಲ್ಲಿತ್ತು, ಟೇಪು ಎಲ್ಲಿತ್ತು, ಇತ್ಯಾದಿ. ಹೆಣ್ಣುಮಕ್ಕಳು ಯಾರೂ ಆ ಸುದ್ದಿಗೇ ಬರಲಿಲ್ಲ. ಪೀಜಿಯಲ್ಲಿರುವ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಕೊಲೆ ಯಾರು ಮಾಡಿದ್ರೆ ನಂಗೇನು? ಓನರ್ ಬಾತ್‌ರೂಮಲ್ಲಿ ಕ್ಯಾಮೆರಾ ಇಟ್ಟಿದಾನೆ ಅಂತ ಗೊತ್ತಾದ ಮೇಲೂ ಅವಳು ಅಲ್ಲೇ ಕೂತು ಟಿವಿ ನೋಡ್ತಾಳಲ್ಲ, ಅಲ್ಲಿಗೇ ನಂಗೆ ಪಿಕ್ಚರ್ ಮುಗೀತು” ಅಂದಳು. ಹೊಸ ಲಾಡ್ಜಿಗೆ ಹೋದರೆ ಮೊದಲು ಲೈಟ್ ಆರಿಸಿ ಮೊಬೈಲ್ ಟಾರ್ಚ್ ಹಿಡಿದು ಬಟ್ಟೆ ತೂಗುಹಾಕುವ ಕೊಕ್ಕೆ, ಎಕ್ಸಾಸ್ಟ್ ಫ್ಯಾನು, ಕನ್ನಡಿಯ ಅಂಚು ಎಲ್ಲ ನೋಡಿ ಆಮೇಲೆ ಬ್ಯಾಗ್ ಇಳಿಸುವುದಂತೆ. ಅವಳ ಪಕ್ಕದವಳೂ “ನಾನೂ” ಅಂದಳು. ಅದರ ಪಕ್ಕದವಳೂ. ನಾವು ಗಂಡಸರು ಮುಖ ಮುಖ ನೋಡಿಕೊಂಡೆವು. ನಾನು ಈ ಚಿತ್ರವನ್ನು ಎಷ್ಟು ಸಲ ನೋಡಿದ್ದರೂ, ಎಲ್ಲಕ್ಕಿಂತ ದೊಡ್ಡ ತೂತು ಅಲ್ಲಿದೆ ಅಂತ ಹೊಳೆದಿರಲಿಲ್ಲ.

ನಮ್ಮ ಕಾನೂನಿನಲ್ಲಿ ಇದಕ್ಕೊಂದು ಕಲಂ ಬಂದದ್ದೇ 2013ರಲ್ಲಿ, ಐಪಿಸಿಯ 354ಸಿ. ಈಗ ಭಾರತೀಯ ನ್ಯಾಯ ಸಂಹಿತೆಯ 77. ಹೆಂಗಸಿನ ಖಾಸಗಿ ಕ್ಷಣವನ್ನು ಕದ್ದು ನೋಡಿದರೂ ಅಪರಾಧ, ಸೆರೆಹಿಡಿದರೂ ಅಪರಾಧ, ಮೊದಲ ಸಲಕ್ಕೆ ಒಂದರಿಂದ ಮೂರು ವರ್ಷ. ಅಂದರೆ ‘ಬರೀ ನೋಡುವವನು’ ಅನ್ನುವ ಜೀಕನ ರಿಯಾಯಿತಿ ಇಲ್ಲಿ ನಡೆಯುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣದ ಹೆಸರಿನಲ್ಲಿರುವ ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಆಧಾರ್ ವಿರುದ್ಧ ಅವರು ಅರ್ಜಿ ಹಾಕಿದಾಗ ವಯಸ್ಸು ಎಂಬತ್ತೈದು ದಾಟಿತ್ತು.

ಕಾನೂನು ಹೇಳಿ ನಾನು ಸಾಚಾ ಆಗಿಬಿಟ್ಟೆ ಅಂದುಕೊಳ್ಳಬೇಡಿ. ಎರಡು ವರ್ಷದ ಹಿಂದೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರೋ ನನ್ನ ಸ್ಕೂಟರಿಗೆ ಗುದ್ದಿ ಇಂಡಿಕೇಟರ್ ಒಡೆದಿದ್ದರು. ಅಸೋಸಿಯೇಷನ್‌ನವರಿಗೆ ಹೇಳಿ ಸೆಕ್ಯುರಿಟಿ ರೂಮಿನಲ್ಲಿ ರೆಕಾರ್ಡಿಂಗ್ ನೋಡಲು ಕೂತೆ. ಹದಿನಾರು ಚೌಕದ ಪರದೆ. ಪಾರ್ಕಿಂಗಿನ ಚೌಕದಲ್ಲಿ ಎಂಟನೇ ನಿಮಿಷಕ್ಕೇ ಉತ್ತರ ಸಿಕ್ಕಿತು, ನೀರಿನ ಕ್ಯಾನ್ ತಂದ ಆಟೋ. ಏಳಬೇಕಿತ್ತು. ಏಳಲಿಲ್ಲ. ಲಿಫ್ಟಿನ ಚೌಕ ಓಡುತ್ತಿತ್ತು. ಮೂರನೇ ಮಹಡಿಯ ಬ್ಯಾಂಕಿನ ರಾಯರು, ಎದುರಿಗೆ ಸಿಕ್ಕರೆ ಗಂಟುಮುಖ, ಲಿಫ್ಟಿನ ಕನ್ನಡಿ ಮುಂದೆ ನಗುವುದನ್ನು ಅಭ್ಯಾಸ ಮಾಡುತ್ತಿದ್ದರು. ಸಣ್ಣ ನಗು, ದೊಡ್ಡ ನಗು, ಮತ್ತೆ ಸಣ್ಣದು. ಆಮೇಲೆ ಐದನೇ ಮಹಡಿಯ ಒಬ್ಬರು ಹಾಲಿನ ಪ್ಯಾಕೆಟ್ ಹಿಡಿದು ಬಂದರು. ಬಾಗಿಲು ಮುಚ್ಚಿದ ತಕ್ಷಣ ಹಣೆಯನ್ನು ಗೋಡೆಗೆ ಒತ್ತಿ ನಿಂತರು. ಬಾಗಿಲು ತೆರೆಯುವ ಮುಂಚೆ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗಾದರು. ನಾನು ಅದನ್ನು ಹಿಂದಕ್ಕೆ ಓಡಿಸಿ ಇನ್ನೊಂದು ಸಲ ನೋಡಿದೆ. ಯಾಕೆ ಅಂತ ಕೇಳಬೇಡಿ. ವಾಚ್‌ಮನ್ ಹುಡುಗ, “ಅಂಕಲ್, ಟೀ ತರ್ಲಾ?” ಅಂದಾಗ ಗಡಿಯಾರ ನೋಡಿದರೆ ನಲವತ್ತು ನಿಮಿಷ ಆಗಿತ್ತು. ಮಾರನೇ ದಿನ ಆ ಐದನೇ ಮಹಡಿಯವರು ಲಿಫ್ಟಿನಲ್ಲಿ ಸಿಕ್ಕರು, “ಸ್ಕೂಟರ್ ಗುದ್ದಿದ್ದು ಯಾರು ಅಂತ ಗೊತ್ತಾಯ್ತಾ?” ಅಂತ ಕೇಳಿದರು. ನಾನು ಆರನೇ ಮಹಡಿಯವರೆಗೂ ಬಟನ್‌ಗಳ ಕಡೆ ನೋಡುತ್ತ ನಿಂತಿದ್ದೆ.

ಆ ಕ್ಯಾಮೆರಾ ಕದ್ದು ಇಟ್ಟದ್ದಲ್ಲ, ಅಲ್ಲೇ ಬೋರ್ಡೂ ಇದೆ. ಬಿಗ್ ಬಾಸ್ ಮನೆಯಲ್ಲೂ ಎಲ್ಲರಿಗೂ ಗೊತ್ತಿರುತ್ತದೆ. ನೆದರ್ಲೆಂಡ್ಸ್‌ನಲ್ಲಿ 1999ರಲ್ಲಿ ಶುರುವಾದ ಆ ಆಟ 2013ರಲ್ಲಿ ಕನ್ನಡಕ್ಕೆ ಬಂತು, ಸುದೀಪ್ ಶನಿವಾರ ಭಾನುವಾರ ಬಂದು ಪಂಚಾಯ್ತಿ ಮಾಡುತ್ತಾರೆ, ನಮ್ಮ ಮನೆಯಲ್ಲೂ ತಪ್ಪದೆ ನೋಡುತ್ತೇವೆ. 1993ರಲ್ಲಿ ಜೀಕನ ಗೋಡೆ ಒಬ್ಬ ಹುಚ್ಚನ ಕೋಣೆ, ಆರೇ ವರ್ಷದಲ್ಲಿ ಅದು ಟಿವಿ ಕಾರ್ಯಕ್ರಮ. ಇವತ್ತಿನ ಹುಡುಗರಿಗೆ ಸ್ಲಿವರ್ ಮೆಲ್ಲಗೆ ಸಾಗುತ್ತದೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಇಣುಕು ನೋಟಕ್ಕೆ ನಮ್ಮಲ್ಲಿ ಗೌರವ ಇರುವುದು ಒಂದೇ ಕಡೆ, ಉಡುಪಿಯ ಕನಕನ ಕಿಂಡಿಯಲ್ಲಿ. ಅಲ್ಲಿನ ಕತೆಯಲ್ಲಿ ಗೋಡೆ ಬಿರಿದದ್ದು ಹೊರಗಿನವನ ಕೈಯಿಂದ ಅಲ್ಲ, ಒಳಗಿದ್ದವನೇ ತಿರುಗಿ ನಿಂತ. ಸಿನಿಮಾದ ವಿಷಯದಲ್ಲಿ ಕೃಷ್ಣನನ್ನು ತಂದದ್ದಕ್ಕೆ ಹಿರಿಯರು ಮನ್ನಿಸಬೇಕು. ಜೀಕನ ಪರದೆಯ ಮೇಲೆ ಯಾರೂ ಹಾಗೆ ತಿರುಗುವುದಿಲ್ಲ, ತಿರುಗಲು ಅವರಿಗೆ ಗೊತ್ತೇ ಇಲ್ಲ.

ಪ್ರಶ್ನೆಗಳಿಗೆ ಸಮಯ ಬಿಡಬೇಕು, ಒಂದು ಮಾತು ಹೇಳಿ ಕೂರುತ್ತೇನೆ. ಹೋದ ವಾರ ಎಲ್ಲರೂ ಹೊರಟ ಮೇಲೆ ನಾನು ಪ್ರೊಜೆಕ್ಟರ್ ವೈರು ಸುತ್ತುತ್ತಿದ್ದೆ. ಇಲ್ಲಿಗೆ ಮೊಮ್ಮಗನ ಜೊತೆ ಬರುವ ಅಜ್ಜಿಯೊಬ್ಬರಿದ್ದಾರೆ, ನಿಮಗೆಲ್ಲ ಗೊತ್ತು, ಇಂಗ್ಲಿಷ್ ಅಷ್ಟಾಗಿ ಬಾರದು, ಮೊಮ್ಮಗ ಕಿವಿಯಲ್ಲಿ ಹೇಳುತ್ತಿರುತ್ತಾನೆ. ಅವರು ಕೋಲೂರಿಕೊಂಡು ವಾಪಸ್ ಬಂದರು.

“ಅಲ್ಲಪ್ಪಾ, ಆ ಹೆಂಗಸು ಕೊನೇಲಿ ಢಂ ಢಂ ಅಂತ ಹೊಡೆದ್ಲಲ್ಲ, ಅವು ಟಿವಿ ತಾನೆ?”

“ಹೌದಜ್ಜಿ.”

“ಕ್ಯಾಮೆರಾ ಹಾಗೇ ಇದಾವಲ್ಲ. ಆ ಕ್ಯಾಸೆಟ್ಟುಗಳೂ. ಅದನ್ನೆಲ್ಲ ಯಾರು ಇಟ್ಕೊಂಡ್ರು?”